ತಿಂಡಿ ಯಾರು ಕೊಡಿಸಿದರು?

ಹೋದ ತಿಂಗಳು ಮುಳಬಾಗಿಲಿಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ಹಾಗೇ ನಮ್ಮ ಹಳೇ ಆಫೀಸು ಇದ್ದ ಕಡೆ ಕಾಲು ಹಾಕಿದೆ. ಹೆಂಚಿನ ಕಟ್ಟಡ ಹೋಗಿ ಆ ಜಾಗದಲ್ಲಿ ಸಾಲಾಗಿ ಬೈಕುಗಳು ನಿಂತಿದ್ದವು. ತನ್ನ ಸ್ಕೂಟರ್ ತೆಗೆಯಲು ಬಂದ ಕರಿಕೋಟಿನ ಹುಡುಗಿಯೊಬ್ಬಳು, ಏನು ಹುಡುಕುತ್ತಿದ್ದೀರಿ ಆಂಟಿ ಎಂದು ಕೇಳಿದಳು. ಬೆಂಚು ಎಂದೆ. ಪಾಪ, ನನಗೆ ಕಾಲುನೋವು ಎಂದುಕೊಂಡು ತನ್ನ ಸ್ಕೂಟರಿನ ಸೀಟು ತೋರಿಸಿದಳು.

ಮಾತಿಗೆ ಮಾತು ಬೆಳೆದು, ಅವಳು ಹೊಸದಾಗಿ ಎಪಿಪಿ ಆಗಿ ಸೇರಿದವಳು ಎಂದು ತಿಳಿಯಿತು. ಎಪಿಪಿ ಎಂದರೆ ಸಹಾಯಕ ಸರ್ಕಾರಿ ಅಭಿಯೋಜಕರು. ಪೊಲೀಸರು ಹಾಕಿದ ಕೇಸನ್ನು ಸರ್ಕಾರದ ಪರವಾಗಿ ಕೋರ್ಟಿನಲ್ಲಿ ನಡೆಸುವವರು. ನಾನೂ ಅದೇ ಕೆಲಸ ಮಾಡಿ ಎರಡು ವರ್ಷದ ಹಿಂದೆ ರಿಟೈರ್ ಆದವಳು ಎಂದಾಗ ಹುಡುಗಿ ಸ್ಕೂಟರಿನ ಕೀಲಿ ಬ್ಯಾಗಿಗೆ ಹಾಕಿ ಎದುರಿಗೇ ನಿಂತಳು. ಈ ಕೆಲಸದಲ್ಲಿ ಮುಖ್ಯವಾಗಿ ಏನು ಗೊತ್ತಿರಬೇಕು ಮೇಡಂ ಎಂದಳು. ಸೆಕ್ಷನ್ನು ಹೇಳುತ್ತೇನೆ ಎಂದು ಕಾದಿದ್ದಳೋ ಏನೋ. ಸಾಕ್ಷಿಗೆ ತಿಂಡಿ ಯಾರು ಕೊಡಿಸಿದರು ಅಂತ ಗೊತ್ತಿರಬೇಕು ಎಂದೆ. ಅವಳು ನಕ್ಕಳು. ನಕ್ಕವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮುಳಬಾಗಿಲಿನ ಆಫೀಸಿನ ಪೂರ್ವೋತ್ತರ ಮೊದಲು ಹೇಳಿಬಿಡುತ್ತೇನೆ. ನನಗಿಂತ ಹಿಂದಿನವರ ಕಾಲದಲ್ಲಿ ಈ ಕೆಲಸ ಪೊಲೀಸ್ ಇಲಾಖೆಯೊಳಗೇ ಇತ್ತು. ಕೇಸು ಹಾಕುವವರೂ ಅವರೇ, ನಡೆಸುವವರೂ ಅವರ ಮನೆಯವರೇ. ಅದು ಸರಿಯಲ್ಲ ಎಂದು ಕಾನೂನು ಬದಲಾಗಿ ನಮ್ಮನ್ನು ಬೇರೆ ಮಾಡಿದರು. ಮನೆ ಪಾಲಾದಾಗ ಕಿರಿಯವನಿಗೆ ದನದ ಕೊಟ್ಟಿಗೆ ಸಿಗುತ್ತದಲ್ಲ, ಹಾಗೆ ನಮಗೆ ಸಿಕ್ಕಿದ್ದು ಕೋರ್ಟಿನ ಹಿಂದಿನ ಹೆಂಚಿನ ಕಟ್ಟಡ. ಒಳಗೆ ಎರಡು ಮೇಜು, ಒಂದು ಟೈಪ್‌ರೈಟರು, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ಹೊರಗೆ ಹುಣಸೆಮರದ ಕೆಳಗೆ ಒಂದೇ ಒಂದು ಬೆಂಚು. ಹೊಡೆದವನೂ ಹೊಡೆಸಿಕೊಂಡವನೂ, ನೋಡಿದವನೂ ನೋಡಿಲ್ಲ ಎನ್ನುವವನೂ ಆ ಬೆಂಚಿನ ಮೇಲೆಯೇ ಕೂರಬೇಕು. ಬೆಳಿಗ್ಗೆ ಎರಡು ತುದಿಯಲ್ಲಿ ಮುಖ ತಿರುಗಿಸಿಕೊಂಡು ಕೂತವರು ಮಧ್ಯಾಹ್ನದ ಹೊತ್ತಿಗೆ ಎಲೆಅಡಿಕೆ ಹಂಚಿಕೊಳ್ಳುತ್ತಿದ್ದರು. ಸಂಜೆಗೆ ನಮ್ಮ ಕೇಸು ಬಿದ್ದುಹೋಗಿರುತ್ತಿತ್ತು.

ನಾನು ಮೊದಲು ಸೇರಿದ್ದು ಮಾಲೂರಿನಲ್ಲಿ. ಮಾಲೂರು ಹೆಂಚಿಗೆ ಹೆಸರಾದ ಊರು, ನನ್ನ ಮೊದಲ ದೊಡ್ಡ ಸೋಲೂ ಹೆಂಚಿನದೇ. ಕೆಲಸದ ಜಾಗದಲ್ಲಿ ಇಬ್ಬರು ಜಗಳವಾಡಿ ಒಬ್ಬ ಇನ್ನೊಬ್ಬನ ತಲೆಗೆ ಹೆಂಚಿನಿಂದ ಹೊಡೆದಿದ್ದ. ತಲೆಯೂ ಒಡೆದಿತ್ತು, ಹೆಂಚಿನ ಮೂಲೆಯೂ ಒಡೆದಿತ್ತು. ಆ ಮುರುಕು ಹೆಂಚನ್ನು ಪೊಲೀಸರು ಚೀಲದಲ್ಲಿ ಕಟ್ಟಿ ವಶಕ್ಕೆ ತೆಗೆದುಕೊಂಡಿದ್ದರು. ವಿಚಾರಣೆಯ ದಿನ ನಾನು ಬಲು ಠೀವಿಯಿಂದ ಗಾಯಾಳುವಿಗೆ, ನಿನಗೆ ಹೊಡೆದ ಹೆಂಚು ಇದೇನಾ ಎಂದು ಕೇಳಿ ಚೀಲ ಬಿಚ್ಚಿಸಿದೆ. ಒಳಗಿನಿಂದ ಕೆಂಪಗೆ ಹೊಳೆಯುವ, ಒಂದು ಗೀರೂ ಇಲ್ಲದ ಹೊಸ ಹೆಂಚು ಬಂತು. ಗಾಯಾಳು ಅದನ್ನೂ ನನ್ನನ್ನೂ ನೋಡಿ, ಇದು ಇನ್ನೂ ಯಾರಿಗೂ ಹೊಡೆದಿಲ್ಲ ಮೇಡಂ ಎಂದ.

ಆಮೇಲೆ ಮಾಲು ತಂದಿದ್ದ ಪೇದೆಯನ್ನು ಮೂಲೆಗೆ ಕರೆದು ಕೇಳಿದೆ. ಅವನು ಯಾವ ಠಾಣೆಯವನು ಎಂಬುದು ಇಲ್ಲಿ ಬೇಡ. ಸಾಮಾನು ಎತ್ತಿಡುವಾಗ ಹಳೆಯ ಹೆಂಚು ಕೈಜಾರಿ ಬಿದ್ದು ಪುಡಿಪುಡಿಯಾಗಿತ್ತಂತೆ. ಸರ್ಕಾರಿ ಮಾಲು ಹಾಳು ಮಾಡಿದೆ ಎಂದು ತನ್ನ ತಲೆಗೆ ಬರುತ್ತದೆಂದು ಹೆದರಿ, ಅದೇ ಅಚ್ಚಿನ ಒಳ್ಳೆಯ ಹೆಂಚನ್ನು ಹುಡುಕಿ ತಂದಿಟ್ಟಿದ್ದ. ಅವನ ಲೆಕ್ಕದಲ್ಲಿ ಅವನು ಸರ್ಕಾರಕ್ಕೆ ಲಾಭವನ್ನೇ ಮಾಡಿದ್ದ. ಕೋಪ ಬಂದರೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಚೀಲವನ್ನು ನಾನೇ ಮೊದಲು ಬಿಚ್ಚಿ ನೋಡದೆ ಕೋರ್ಟಿನೊಳಗೆ ಕಾಲಿಟ್ಟಿಲ್ಲ. ಈಗ ಜಪ್ತಿ ಮಾಡುವಾಗಲೇ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಆದರೂ ಚೀಲ ಬಿಚ್ಚಿ ನೋಡು ಮಗಳೇ, ವಿಡಿಯೋದಲ್ಲಿ ಹೆಂಚು ಒಡೆಯುವುದಿಲ್ಲ, ಕೈಯಲ್ಲಿ ಒಡೆಯುತ್ತದೆ.

ಮಾಲೂರಿನಿಂದ ಮುಳಬಾಗಿಲಿಗೆ ವರ್ಗವಾಯಿತು. ಅಲ್ಲಿ ನನ್ನ ಮೇಲಿನವರು ನಂಜುಂಡಯ್ಯ ಸಾರ್. ಕಪ್ಪು ಕೋಟಿನ ತೋಳು ಬೂದು ಬಣ್ಣಕ್ಕೆ ತಿರುಗಿದ್ದರೂ ಇಸ್ತ್ರಿ ತಪ್ಪಿಸದ ಮನುಷ್ಯ. ಬೈಯುವಾಗ ದನಿ ಏರಿಸುತ್ತಿರಲಿಲ್ಲ, ಅದಕ್ಕೇ ಹೆಚ್ಚು ಉರಿಯುತ್ತಿತ್ತು. ಇನ್ನೊಬ್ಬರು ಕೋರ್ಟಿನ ಕೆಲಸಕ್ಕೆಂದೇ ಇದ್ದ ಪೇದೆ ಖಾದರ್ ಸಾಬ್. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಒಂದೇ ಸಮ ಗದರುವವರು. ಗಡಿ ಕಡೆಯ ಹಳ್ಳಿಗಳಿಂದ ಬರುವ ಸಾಕ್ಷಿಗಳ ಮನೆಮಾತು ತೆಲುಗಾದ್ದರಿಂದ ಖಾದರ್ ಇಲ್ಲದೆ ನಮ್ಮ ಗಾಡಿ ಓಡುತ್ತಿರಲಿಲ್ಲ.

ಮೊದಲ ದಿನ ನಾನು ಸಾಕ್ಷಿಯೊಬ್ಬನನ್ನು ಕೂರಿಸಿಕೊಂಡು ಪೊಲೀಸರ ಮುಂದೆ ಅವನು ಕೊಟ್ಟಿದ್ದ ಹೇಳಿಕೆಯನ್ನು ಓದಿ ಹೇಳುತ್ತಿದ್ದೆ. ನಂಜುಂಡಯ್ಯ ಸಾರ್ ಒಳಗೆ ಬಂದವರು ಅವನನ್ನು, ತಿಂಡಿ ಆಯ್ತೇನಪ್ಪಾ ಎಂದರು. ಆಯ್ತು ಸ್ವಾಮಿ ಎಂದ. ಯಾರು ಕೊಡಿಸಿದ್ರು ಎಂದರು. ಅವನು ನೆಲ ನೋಡಿದ. ಸಾರ್ ನನ್ನ ಕಡೆ ತಿರುಗಿ, ಓದೋದು ನಿಲ್ಲಿಸಮ್ಮ, ಇವನು ಆಗಲೇ ಅವರ ಕಡೆಯೋನು ಎಂದರು. ನನಗೆ ಸಿಟ್ಟು ಬಂತು. ಒಂದು ತಟ್ಟೆ ಇಡ್ಲಿಗೆ ಮನುಷ್ಯ ಮಾರಿಕೊಳ್ಳುತ್ತಾನೆಯೇ? ಅರ್ಧಗಂಟೆಯಲ್ಲಿ ಅವನು ಕಟಕಟೆಯಲ್ಲಿ ನಿಂತು, ನನಗೇನೂ ಗೊತ್ತಿಲ್ಲ, ನಾನಾಗ ಊರಲ್ಲೇ ಇರಲಿಲ್ಲ ಎಂದುಬಿಟ್ಟ.

ಸಾರ್ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಅವನು ಇಡ್ಲಿಗೆ ಮಾರಿಕೊಂಡಿಲ್ಲ, ಇಡ್ಲಿಗೆ ಕಟ್ಟುಬಿದ್ದಿದ್ದಾನೆ ಎಂದರು. ನಮ್ಮ ಕಡೆ ಹಳ್ಳಿಗಳಲ್ಲಿ ಒಂದು ರಿವಾಜಿದೆ. ಯಾರ ಕೆಲಸಕ್ಕೆ ಜನ ಪಟ್ಟಣಕ್ಕೆ ಬರುತ್ತಾರೋ ಅವರೇ ಬಸ್ ಚಾರ್ಜು, ತಿಂಡಿ, ಕಾಫಿ ನೋಡಿಕೊಳ್ಳಬೇಕು. ಹೆಣ್ಣು ನೋಡಲು ಹೋದರೂ ಅಷ್ಟೇ, ಕೋರ್ಟಿಗೆ ಹೋದರೂ ಅಷ್ಟೇ. ದೂರು ಕೊಟ್ಟವರು ಸಾಮಾನ್ಯವಾಗಿ ಬಡವರು. ಆರೋಪಿ ಸ್ವಲ್ಪ ಅನುಕೂಲಸ್ಥನಾಗಿದ್ದರೆ ಎಲ್ಲರನ್ನೂ ತನ್ನ ಜೀಪಿಗೇ ಹತ್ತಿಸಿಕೊಂಡು ಬಂದು ಹೋಟೆಲಿನಲ್ಲಿ ಕೂರಿಸುತ್ತಿದ್ದ. ಸುಳ್ಳು ಹೇಳು ಎಂದು ಬಾಯಿಬಿಟ್ಟು ಕೇಳಬೇಕಾಗಿಯೇ ಇರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳಿಕೊಂಡೇ ಬೆಳೆದ ಜನ. ಅವರಿಗೆ ಕಟಕಟೆಯ ಪ್ರಮಾಣಕ್ಕಿಂತ ತಟ್ಟೆಯ ಪ್ರಮಾಣ ದೊಡ್ಡದು.

ಅದಕ್ಕೇ ಖಾದರ್ ಸಾಬ್ ಬೆಳಿಗ್ಗೆ ಕೋರ್ಟಿಗೆ ಬರುವ ಬದಲು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ಸಾಕ್ಷಿ ಬಸ್ಸಿಳಿಯುತ್ತಿದ್ದಂತೆ, ಟಿಫನ್ ಅಯಿಂದಾ ಅಣ್ಣಾ ಎಂದು ತೆಲುಗಿನಲ್ಲಿ ವಿಚಾರಿಸಿ, ಆಗಿಲ್ಲವೆಂದರೆ ಯಾವ ಹೋಟೆಲಿನ ಕಡೆಗೂ ತಿರುಗಲು ಬಿಡದೆ ಸೀದಾ ಆಫೀಸಿಗೆ ತರುತ್ತಿದ್ದರು. ಹಸಿದ ಸಾಕ್ಷಿಯೇ ಒಳ್ಳೆಯ ಸಾಕ್ಷಿ ಎಂಬುದು ಖಾದರ್ ಸಿದ್ಧಾಂತ.

ನನಗೆ ಅದು ಅನ್ಯಾಯ ಅನ್ನಿಸಿತು. ಹೊಸ ಹುರುಪು ಬೇರೆ. ನಾವೇ ಯಾಕೆ ತಿಂಡಿ ಕೊಡಬಾರದು ಎಂದು ಒಂದು ದಿನ ಮನೆಯಿಂದ ದೊಡ್ಡ ಡಬ್ಬಿಯಲ್ಲಿ ಉಪ್ಪಿಟ್ಟು ಮಾಡಿಕೊಂಡು ಹೋಗಿ ಸಾಕ್ಷಿಗಳಿಗೆಲ್ಲ ಬಡಿಸಿದೆ. ಆ ಕೇಸಿನಲ್ಲಿ ಆರೋಪಿಯ ವಕೀಲರು ಶೇಷಾದ್ರಿ. ನಗುನಗುತ್ತಲೇ ಚೂರಿ ಹಾಕುವ ಪೈಕಿ. ನನ್ನ ಸಾಕ್ಷಿ ಚೆನ್ನಾಗಿಯೇ ಹೇಳಿದ. ಶೇಷಾದ್ರಿಯವರು ಪಾಟೀಸವಾಲಿಗೆ ಎದ್ದು ಬೇರೇನೂ ಕೇಳಲಿಲ್ಲ. ಬೆಳಿಗ್ಗೆ ತಿಂಡಿ ಯಾರು ಕೊಡಿಸಿದರು ಎಂದರು. ಎಪಿಪಿ ಮೇಡಂ ಎಂದ. ಏನು ತಿಂದೆ ಎಂದರು. ಉಪ್ಪಿಟ್ಟು ಸ್ವಾಮಿ, ಉಪ್ಪು ಕಮ್ಮಿ ಇತ್ತು ಎಂದ. ನ್ಯಾಯಾಧೀಶರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಸಾಕ್ಷಿ ಸತ್ಯವನ್ನೇ ಹೇಳಿದ್ದ, ಎರಡೂ ವಿಷಯದಲ್ಲಿ.

ಅವತ್ತು ನಂಜುಂಡಯ್ಯ ಸಾರ್ ನನ್ನನ್ನು ಎದುರಿಗೆ ಕೂರಿಸಿಕೊಂಡು ಎರಡು ಮಾತು ಹೇಳಿದರು. ನಾವು ಯಾರಿಗೂ ತಿನ್ನಿಸಬಾರದು. ಯಾರದ್ದನ್ನೂ ತಿನ್ನಲೂಬಾರದು. ಸಾಕ್ಷಿ ಕೊಟ್ಟ ಬಾಳೆಹಣ್ಣೂ ಬೇಡ, ದೂರುದಾರರ ಮನೆ ಕಾಫಿಯೂ ಬೇಡ, ಗೆದ್ದ ಮೇಲೆ ತಂದ ಸಿಹಿಯಂತೂ ಬೇಡವೇ ಬೇಡ. ನಾನು ಪೆಚ್ಚುಮೋರೆ ಹಾಕಿಕೊಂಡು ಎದ್ದೆ. ಬಾಗಿಲ ಹತ್ತಿರ ಹೋದಾಗ, ಉಪ್ಪಿಟ್ಟು ಮಿಕ್ಕಿದೆಯೇನಮ್ಮಾ ಎಂದರು. ಸಹೋದ್ಯೋಗಿಗಳ ಡಬ್ಬಿಗೆ ಆ ನಿಯಮ ಅನ್ವಯವಾಗುತ್ತಿರಲಿಲ್ಲ. ತಿಂದು, ಉಪ್ಪು ನಿಜವಾಗಿಯೂ ಕಮ್ಮಿ ಎಂದು ತೀರ್ಪು ಕೊಟ್ಟರು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಅಂಜಿನಮ್ಮನ ಕೇಸಿಗಾಗಿ.

ಅಂಜಿನಮ್ಮ ಆವನಿ ಕಡೆಯ ಒಂದು ಹಳ್ಳಿಯ ಹೆಂಗಸು. ಗಂಡ ತೀರಿಕೊಂಡ ಮೇಲೆ ತುಂಡು ಹೊಲದಲ್ಲಿ ಟೊಮೆಟೊ, ಸ್ವಲ್ಪ ಹಿಪ್ಪುನೇರಳೆ ಹಾಕಿಕೊಂಡು ಗಟ್ಟಿಯಾಗಿ ಬದುಕುತ್ತಿದ್ದವಳು. ಅವಳ ಹೊಲಕ್ಕೆ ಹೋಗುವ ಬಂಡಿದಾರಿಗೆ ಪಕ್ಕದ ಜಮೀನಿನ ಚಲಪತಿ ಮುಳ್ಳುಬೇಲಿ ಹಾಕಿದ. ಟೊಮೆಟೊ ಕಿತ್ತು ಸಾಗಿಸಬೇಕಾದ ದಿನ ಅಂಜಿನಮ್ಮ ಬೇಲಿ ಎಳೆದು ಬಿಸಾಡಿದಳು. ಚಲಪತಿ ಬೇಲಿಗೂಟ ಕಿತ್ತುಕೊಂಡು ಅವಳ ಬಲಗೈಗೆ ಹೊಡೆದ. ಮೊಣಕೈ ಮುರಿಯಿತು.

ಚಲಪತಿ ಜೀಪು, ಟ್ರ್ಯಾಕ್ಟರು ಇದ್ದವನು, ಊರಿಗೆ ಬೇಕಾದವನು. ತಾನು ಹೊಡೆದೇ ಇಲ್ಲ, ಅವಳು ಬದುವಿನಿಂದ ಜಾರಿಬಿದ್ದು ಕೈ ಮುರಿದುಕೊಂಡು ತನ್ನ ಮೇಲೆ ಹೇಳುತ್ತಿದ್ದಾಳೆ ಎಂದು ಊರೆಲ್ಲ ಸಾರಿದ. ಕೈ ಎಂದೋ ಸರಿಹೋಗಿದೆ, ಕೋರ್ಟಿಗಾಗಿ ನಾಟಕ ಆಡುತ್ತಾಳೆ ಎಂದೂ ಸೇರಿಸಿದ. ಊರು ನಂಬಿತೋ ಬಿಟ್ಟಿತೋ, ಅವನೆದುರು ಮಾತಾಡಲಿಲ್ಲ. ಹಾಲಿನ ಡೈರಿಯ ಹತ್ತಿರ ಹೆಂಗಸರು ಅವಳನ್ನು ಕಂಡರೆ, ಜಾರಿಬಿದ್ದೋಳು ಬಂದಳು ಎಂದು ಪಿಸುಗುಡುತ್ತಿದ್ದರಂತೆ. ಕೈನೋವಿಗಿಂತ ಅದೇ ಅವಳನ್ನು ಹೆಚ್ಚು ತಿನ್ನುತ್ತಿತ್ತು. ಅವನು ಜೈಲಿಗೆ ಹೋಗಲಿ ಎಂದು ಅವಳು ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಅವನು ಹೊಡೆದ ಅಂತ ಊರಲ್ಲಿ ಒಬ್ಬರಾದರೂ ನಾಲ್ಕು ಜನರ ಮುಂದೆ ಹೇಳಬೇಕು, ನಾನು ಸುಳ್ಳಿ ಅನ್ನಿಸಿಕೊಂಡು ಸಾಯಲಾರೆ ಎನ್ನುತ್ತಿದ್ದಳು.

ನೋಡಿದವನು ಒಬ್ಬನೇ. ಅವನ ಹೆಸರು ಮುನಿವೆಂಕಟಪ್ಪ, ಕುರಿ ಕಾಯುವವನು. ಆ ದಿನ ಬೇಲಿಯ ಆಚೆ ಕುರಿ ಬಿಟ್ಟುಕೊಂಡು ನಿಂತಿದ್ದವನು ಪೊಲೀಸರ ಮುಂದೆ ಇದ್ದದ್ದು ಇದ್ದಹಾಗೆ ಹೇಳಿದ್ದ. ಅಂಜಿನಮ್ಮನ ಸಾಕ್ಷಿ ಹಿಂದಿನ ವಾಯಿದೆಯಲ್ಲೇ ಮುಗಿದಿತ್ತು. ಈಗ ಮುನಿವೆಂಕಟಪ್ಪ ಹೇಳಿದರೆ ಕೇಸು ನಿಲ್ಲುತ್ತದೆ, ತಿರುಗಿಬಿದ್ದರೆ ಅವಳು ಕೋರ್ಟಿನ ಕಾಗದದಲ್ಲೂ ಜಾರಿಬಿದ್ದವಳೇ ಆಗುತ್ತಾಳೆ.

ವಾಯಿದೆಯ ದಿನ ಖಾದರ್ ಸಾಬ್ ಬಸ್‌ಸ್ಟ್ಯಾಂಡಿನಿಂದ ಬರಿಗೈಲಿ ಬಂದರು. ಅಂಜಿನಮ್ಮ ಬಸ್ಸಿಳಿದಳು, ಮುನಿವೆಂಕಟಪ್ಪ ಇಳಿಯಲಿಲ್ಲ. ಅವನು ಬಂದದ್ದು ಚಲಪತಿಯ ಜೀಪಿನಲ್ಲಿ, ಇಳಿದದ್ದು ಹೋಟೆಲಿನ ಎದುರಿಗೇ. ಬೆಂಚಿನ ಮೇಲೆ ಕೂತವನ ಹತ್ತಿರ ನಾನೇ ಹೋಗಿ ತಿಂಡಿ ಆಯಿತೇ ಎಂದೆ. ಆಯಿತು ಎಂದ. ಯಾರು ಕೊಡಿಸಿದರು ಎಂದೆ. ಚಲಪತಣ್ಣ ಎಂದ. ಮುಚ್ಚಿಡಲಿಲ್ಲ, ಅದೊಂದೇ ಸಮಾಧಾನ.

ಒಳಗೆ ಬಂದು ನಿಂತೆ. ಖಾದರ್ ಸಾಬ್, "ಈ ಸಾಕ್ಷಿ ಬೇಡ ಮೇಡಂ. ಇಡ್ಲಿನೂ ತಿಂದವ್ನೆ, ವಡೆನೂ ತಿಂದವ್ನೆ. ಬಿಟ್ಟಾಕಿ" ಎಂದರು. ನಂಜುಂಡಯ್ಯ ಸಾರ್ ಕನ್ನಡಕ ಒರೆಸುತ್ತ, ಕೇಸು ನಿನ್ನದು, ಯೋಚನೆ ಮಾಡಮ್ಮ ಎಂದಷ್ಟೇ ಹೇಳಿದರು. ಅವನನ್ನು ಕೈಬಿಟ್ಟರೆ ಅಂಜಿನಮ್ಮನ ಮಾತು, ಡಾಕ್ಟರ ಮಾತು ಇಷ್ಟರಲ್ಲೇ ದಡ ಸೇರಬೇಕು. ಕರೆದರೆ ಅವನು ಎಲ್ಲವನ್ನೂ ಮುಳುಗಿಸಬಹುದು. ನನಗೆ ತೋಚದೆ ಅಂಜಿನಮ್ಮನನ್ನೇ ಒಳಗೆ ಕರೆದು ಇದ್ದ ವಿಷಯ ಹೇಳಿದೆ.

"ಕರೀರಿ ಲಾಯರಮ್ಮಾ," ಎಂದಳು. "ಸುಳ್ಳೇ ಹೇಳೋದಾದ್ರೆ ನನ್ನ ಮುಖ ನೋಡ್ಕೊಂಡು ಹೇಳ್ಲಿ."

ನಮ್ಮ ಕೇಸು ಕೂಗಲು ಇನ್ನೂ ಹೊತ್ತಿತ್ತು. ಅಂಜಿನಮ್ಮ ಮೊದಲ ಬಸ್ಸಿಗೇ ಹೊರಟು ಬಂದವಳು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೊರಗೆ ಹೋಗಿ ಅದೇ ಬೆಂಚಿನ ತುದಿಯಲ್ಲಿ ಕೂತು ಬಟ್ಟೆಗಂಟು ಬಿಚ್ಚಿದಳು. ಬೇರೆ ಬೆಂಚು ಎಲ್ಲಿತ್ತು? ಗಂಟಿನಲ್ಲಿ ಮುದ್ದೆ, ಸೊಪ್ಪಿನ ಸಾರು. ನಾನು ಕಿಟಕಿಯ ಹತ್ತಿರ ನಿಂತಿದ್ದರಿಂದ ಕಾಣುತ್ತಿತ್ತು. ಅವಳು ಬೆಂಚಿನ ಮೇಲಿದ್ದವರಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ, ಸೆರಗು ಮುಂದೆ ಎಳೆದುಕೊಂಡು ಎಡಗೈಯಲ್ಲಿ ಮುದ್ದೆ ಮುರಿದಳು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಅದು ಬಾಯಿಯವರೆಗೆ ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣುವುದು ನಮ್ಮಲ್ಲಿ ಎಷ್ಟು ಕೀಳು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಹಾಗೆ ಮಾಡಿದರೆ ಕೈಮೇಲೆ ಹೊಡೆಯುತ್ತೇವೆ. ಯಾರೂ ನೋಡದಿರಲಿ ಎಂದು ಅವಳು ತುತ್ತು ತುತ್ತಿಗೂ ಅತ್ತಿತ್ತ ನೋಡುತ್ತಿದ್ದಳು. ಡಾಕ್ಟರ ಸರ್ಟಿಫಿಕೇಟನ್ನು ಎಷ್ಟೋ ಸಲ ಓದಿದ್ದೆ, ಆ ಕೈ ಏನಾಗಿದೆ ಎಂದು ಅವತ್ತೇ ನನಗೆ ಅರ್ಥವಾಗಿದ್ದು.

ಮುನಿವೆಂಕಟಪ್ಪನೂ ನೋಡಿದ. ಹಳ್ಳಿಯಲ್ಲಿ ಅವಳು ಉಣ್ಣುವುದು ಮನೆಯೊಳಗೆ, ಅವನೆಲ್ಲಿ ನೋಡಿರಬೇಕು. ಕೈ ಸರಿಹೋಗಿದೆ ಎಂದು ಚಲಪತಿ ಹೇಳಿದ್ದನ್ನೇ ನಂಬಿದ್ದನೋ, ನಂಬಿದರೆ ಸುಲಭ ಎಂದು ನಂಬಿದ್ದನೋ. ಒಂದು ಸಲ ನೋಡಿ ಮುಖ ತಿರುಗಿಸಿದ. ಮತ್ತೆ ನೋಡಿದ. ಆಮೇಲೆ ಎದ್ದುಹೋಗಿ ಹುಣಸೆಮರದ ಆ ಕಡೆ ನಿಂತುಬಿಟ್ಟ.

ಕೇಸು ಕೂಗಿದರು. ಅವನು ಕಟಕಟೆ ಹತ್ತಿ ಪ್ರಮಾಣ ಮಾಡಿದ. ಚಲಪತಿ ಹಿಂದುಗಡೆ ಕೈಕಟ್ಟಿ ನಿರಾಳವಾಗಿ ನಿಂತಿದ್ದ. ಅಂಜಿನಮ್ಮ ಬಾಗಿಲ ಹತ್ತಿರ ನಿಂತು ಮುನಿವೆಂಕಟಪ್ಪನ ಮುಖವನ್ನೇ ನೋಡುತ್ತಿದ್ದಳು. ಹೆಸರು, ಊರು, ಕಸುಬು ಕೇಳಿ, ಆ ದಿನ ಎಲ್ಲಿದ್ದೆ ಎಂದೆ. ಬೇಲಿ ಹತ್ತಿರ ಎಂದ. ಊರಲ್ಲಿರಲಿಲ್ಲ ಎನ್ನಲಿಲ್ಲವಲ್ಲ ಎಂದುಕೊಂಡೆ. ಏನು ನೋಡಿದೆ ಎಂದೆ. ಅವನು ನ್ಯಾಯಾಧೀಶರ ಕಡೆ ನೋಡದೆ ನೆಲದ ಕಡೆಯೂ ನೋಡದೆ ಬಾಗಿಲ ಕಡೆ ನೋಡಿ, ಗೂಟದಲ್ಲಿ ಹೊಡೆದದ್ದು ಚಲಪತಣ್ಣನೇ ಎಂದ. ಅಲ್ಲಿಂದ ಮುಂದೆ ನಾನು ಕೇಳುವ ಮೊದಲೇ ಎಲ್ಲವನ್ನೂ ಹೇಳಿದ. ಅವಳು ಬದುವಿನ ಹತ್ತಿರವೂ ಇರಲಿಲ್ಲ ಎಂದೂ ಹೇಳಿದ.

ಆರೋಪಿಯ ವಕೀಲರು ಅದೇ ಶೇಷಾದ್ರಿ. ಈ ಸಾಕ್ಷಿ ತಮ್ಮ ಕಡೆಯವನು ಎಂದು ಕಕ್ಷಿದಾರ ಭರವಸೆ ಕೊಟ್ಟಿದ್ದಿರಬೇಕು. ತಿಂಡಿಯ ವಿಷಯ ಮಾತ್ರ ಹೇಳಿರಲಿಲ್ಲ. ಅವರ ಮುಖ ಕೆಂಪಾಯಿತು. ಸರಸರ ಎದ್ದು ನನ್ನ ಕಡೆ ಒಂದು ನಗೆ ಬೀರಿದರು. ಆ ನಗೆಯ ಗುರುತು ನನಗಿತ್ತು, ಉಪ್ಪಿಟ್ಟಿನ ನಗೆ. ಮೇಡಮ್ಮು ಮತ್ತೆ ಡಬ್ಬಿ ತಂದಿದ್ದಾರೆ ಎಂದೇ ಅವರು ತೀರ್ಮಾನಿಸಿಬಿಟ್ಟಿದ್ದರು.

"ಏನಪ್ಪಾ, ಬೆಳಿಗ್ಗೆ ತಿಂಡಿ ಯಾರು ಕೊಡಿಸಿದ್ರು? ಕೋರ್ಟಿಗೆ ಸತ್ಯ ಹೇಳ್ಬೇಕು."

"ಚಲಪತಣ್ಣನೇ ಸ್ವಾಮಿ. ಜೀಪಲ್ಲಿ ಕರ್ಕೊಂಡ್ ಬಂದು ಇಡ್ಲಿ ವಡೆ ಕೊಡಿಸಿದ್ರು."

ಬೆಂಚ್ ಕ್ಲರ್ಕ್ ಕೆಮ್ಮುವ ನೆಪದಲ್ಲಿ ನಕ್ಕರು, ಅವರ ಹಿಂದೆ ಎಲ್ಲರಿಗೂ ಕೆಮ್ಮು ಹತ್ತಿತು. ಶೇಷಾದ್ರಿಯವರು ಅಲ್ಲಿಗೇ ಕೂತಿದ್ದರೆ ಚೆನ್ನಾಗಿತ್ತು. ಮಾನ ಉಳಿಸಿಕೊಳ್ಳಲು ಇನ್ನೊಂದು ಪ್ರಶ್ನೆ ಕೇಳಿದರು. ಅವರ ತಿಂಡಿ ತಿಂದು ಅವರ ಮೇಲೇ ಹೇಳುತ್ತಿದ್ದೀಯಲ್ಲ ಎಂದರು.

"ತಿಂದಿದ್ದು ಅವ್ರ ಇಡ್ಲಿ ಸ್ವಾಮಿ," ಎಂದ ಮುನಿವೆಂಕಟಪ್ಪ. "ಅದ್ಕೇ ಬೆಳಿಗ್ಗೆಯಿಂದ ಬಾಯಿ ಬಂದಿರ್ಲಿಲ್ಲ. ಆಯಮ್ಮ ಊಟ ಮಾಡೋದು ನೋಡಿದ್ಮೇಲೆ ಆ ಇಡ್ಲಿ ಹೊಟ್ಟೇಲಿ ನಿಲ್ಲಲಿಲ್ಲ."

ನ್ಯಾಯಾಧೀಶರು ಎಲ್ಲವನ್ನೂ ಬರೆಸಿಕೊಂಡರು. ಆರೋಪಿಯೇ ಸಾಕ್ಷಿಯನ್ನು ಕರೆತಂದು ತಿಂಡಿ ಕೊಡಿಸಿದ್ದು ಆರೋಪಿಯ ವಕೀಲರ ಬಾಯಿಂದಲೇ ದಾಖಲೆಗೆ ಬಂತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಎಂದು ಕಾಲೇಜಿನಲ್ಲೇ ಹೇಳಿಕೊಟ್ಟಿರುತ್ತಾರೆ. ಆದರೆ ಒಂದು ಸಲ ಗೆಲ್ಲಿಸಿದ ಪ್ರಶ್ನೆ ಮತ್ತೆ ಗೆಲ್ಲಿಸುತ್ತದೆ ಎಂಬ ಆಸೆ ಎಂಥವರನ್ನೂ ಬಿಡುವುದಿಲ್ಲ. ಶೇಷಾದ್ರಿಯವರು ದೊಡ್ಡ ಮನಸ್ಸಿನವರು. ಸಂಜೆ ನಮ್ಮ ಆಫೀಸಿಗೇ ಬಂದು, ಇನ್ನು ಮೇಲೆ ನನ್ನ ಕಕ್ಷಿದಾರರಿಗೂ ಮೊದಲು ಅದೇ ಪ್ರಶ್ನೆ ಕೇಳ್ತೀನಿ ಮೇಡಂ ಎಂದು ನಕ್ಕು ಹೋದರು.

ಹೊರಗೆ ಚಲಪತಿಯ ಜೀಪು ಮುನಿವೆಂಕಟಪ್ಪನನ್ನು ಬಿಟ್ಟು ಹೊರಟಿತ್ತು. ಅವನು ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ. ಎರಡು ಮೂರು ಸಲ ಮುಕ್ಕಳಿಸಿ ಬಂದು ಬೆಂಚಿನ ಮೇಲೆ ಕೂತ. ಅಂಜಿನಮ್ಮ ಗಂಟು ಬಿಚ್ಚಿ ಮಿಕ್ಕಿದ್ದ ಅರ್ಧ ಮುದ್ದೆಯನ್ನು ಅವನ ಮುಂದೆ ಸರಿಸಿದಳು. ಅವನು ಉಂಡ. ಕಿಟಕಿಯಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತಿದ್ದ ನಂಜುಂಡಯ್ಯ ಸಾರ್, ಇದು ಸಾಕ್ಷಿ ಮುಗಿದ ಮೇಲಿನ ಊಟ, ಅಡ್ಡಿಯಿಲ್ಲ ಎಂದರು.

ತೀರ್ಪು ಬರುವ ಹೊತ್ತಿಗೆ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಗಿತ್ತು. ಅಲ್ಲಿನ ಕಥೆ ಬೇರೆ. ನಾನು ಹೋದದ್ದು ಮಾವಿನ ಸುಗ್ಗಿಯಲ್ಲಿ. ಯಾರದೋ ತೋಟದಿಂದ ಕದ್ದ ಮಾವಿನಹಣ್ಣನ್ನು ಜಪ್ತಿ ಮಾಡಿದವರು ಕ್ರೇಟು ಸಮೇತ ಕೋರ್ಟಿಗೇ ತಂದಿಟ್ಟಿದ್ದರು. ಕೆಡುವ ವಸ್ತು ಹರಾಜು ಹಾಕಿ ಎಂದು ಆದೇಶವಾಯಿತು. ಸುಗ್ಗಿಯ ಕಾಲದಲ್ಲಿ ಶ್ರೀನಿವಾಸಪುರದಲ್ಲಿ ಮಾವಿನಹಣ್ಣು ಕೊಳ್ಳುವವರು ಯಾರು? ಕೂಗಿದ್ದೇ ಕೂಗಿದ್ದು, ಒಬ್ಬರೂ ಬರಲಿಲ್ಲ. ಬಾದಾಮಿ ಮಾವಿನ ಘಮಘಮ ವಾಸನೆಯಲ್ಲಿ ನಾವೆಲ್ಲ ಬಾಯಲ್ಲಿ ನೀರೂರಿಸಿಕೊಂಡು ವಿಚಾರಣೆ ನಡೆಸಿದೆವು. ಒಂದು ಹಣ್ಣೂ ಮುಟ್ಟುವ ಹಾಗಿಲ್ಲ, ಎಲ್ಲ ಸಾಕ್ಷ್ಯ. ನಂಜುಂಡಯ್ಯ ಸಾರ್ ನಿಯಮ ನನಗೆ ಅಷ್ಟು ಕಷ್ಟವಾಗಿದ್ದು ಇನ್ನೆಂದೂ ಇಲ್ಲ.

ಅಂಥ ಒಂದು ದಿನ ಅಂಜಿನಮ್ಮ ಬಸ್ಸು ಬದಲಾಯಿಸಿಕೊಂಡು ಹುಡುಕಿಕೊಂಡು ಬಂದಳು. ಕೈಯಲ್ಲಿ ತೀರ್ಪಿನ ನಕಲು. ಚಲಪತಿಗೆ ಶಿಕ್ಷೆಯಾಗಿತ್ತು, ಅವನು ಕೋಲಾರಕ್ಕೆ ಅಪೀಲು ಹೋಗಿದ್ದ. ಎಷ್ಟು ಶಿಕ್ಷೆ ಎಂದು ಅವಳು ಕೇಳಲಿಲ್ಲ. ಅವನು ಹೊಡೆದ ಅಂತ ಇದರಲ್ಲಿ ಎಲ್ಲಿ ಬರೆದಿದೆ ತೋರಿಸಿ ಎಂದಳು. ಆ ಸಾಲು ಹುಡುಕಿ ಓದಿದೆ. ಇನ್ನೊಂದು ಸಲ ಓದಿಸಿದಳು. ಆ ಸಾಲಿನ ಮೇಲೆ ಎಡಗೈ ಬೆರಳಿಟ್ಟಳು. ಡೈರಿಯ ಹತ್ತಿರ ಈಗ ಏನನ್ನುತ್ತಾರೆ ಎಂದೆ. ಈಗ ಏನೂ ಅನ್ನಲ್ಲ, ಅದೇ ಬೇಜಾರು ಎಂದು ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಆಮೇಲೆ ಗಂಟು ಬಿಚ್ಚಿದಳು. ಮುದ್ದೆ, ಅವರೆಕಾಳು ಸಾರು, ನನಗೆಂದೇ ತಂದದ್ದು. ಅಪೀಲು ಇನ್ನೂ ಇದೆ, ನಾನು ತಿನ್ನುವ ಹಾಗಿಲ್ಲ ಅಂಜಿನಮ್ಮಾ ಎಂದೆ. ಅವಳ ಮುಖ ಸಣ್ಣದಾಯಿತು.

"ನಾನೇನು ಚಲಪತೀನಾ ಲಾಯರಮ್ಮಾ?" ಎಂದಳು.

ಈ ಕೆಲಸ ಬಿಟ್ಟ ದಿನ ನಿಮ್ಮ ಮನೆಗೇ ಬಂದು ಉಣ್ಣುತ್ತೇನೆ ಎಂದೆ. ಅವಳು ಗಂಟು ಕಟ್ಟಿಕೊಂಡು ಹೋದಳು. ಬೇಜಾರಿನಿಂದಲೇ ಹೋದಳು, ಸುಳ್ಳು ಯಾಕೆ ಹೇಳಲಿ. ಅಪೀಲಿನಲ್ಲೂ ತೀರ್ಪು ನಿಂತಿತು ಎಂದು ಖಾದರ್ ಸಾಬ್ ಫೋನಿನಲ್ಲಿ ಹೇಳಿದರು.

ಕೊನೆಯ ವರ್ಷಗಳು ಕೋಲಾರದಲ್ಲಿ ಕಳೆದವು. ಹೊಸ ಕಟ್ಟಡ, ಲಿಫ್ಟು, ಸಾಕ್ಷಿಗಳಿಗೆ ಬೇರೆ ಕೋಣೆ. ಟೈಪ್‌ರೈಟರಿನ ಜಾಗಕ್ಕೆ ಕಂಪ್ಯೂಟರ್ ಬಂತು. ಸಮನ್ಸ್ ವಾಟ್ಸ್ಯಾಪಿನಲ್ಲಿ ಹೋಗತೊಡಗಿತು, ಡಾಕ್ಟರುಗಳು ವಿಡಿಯೋದಲ್ಲೇ ಸಾಕ್ಷಿ ಹೇಳತೊಡಗಿದರು. ನಾನು ಹೊರಡುವ ಹೊತ್ತಿಗೆ ಸರಿಯಾಗಿ ಕಾನೂನಿನ ಹೆಸರೂ ಬದಲಾಗಿ ಸೆಕ್ಷನ್ ಸಂಖ್ಯೆಗಳೆಲ್ಲ ಅದಲುಬದಲಾದವು. ಜೀವಮಾನವಿಡೀ ಬಾಯಿಪಾಠ ಮಾಡಿದ್ದು ಹೋಯಿತು. ಜನ ಮಾತ್ರ ಮೋಸಗಾರನನ್ನು ಇನ್ನೂ ಫೋರ್ ಟ್ವೆಂಟಿ ಎಂದೇ ಬೈಯುತ್ತಾರೆ, ಹಳೇ ಕಾನೂನು ಅಷ್ಟಾದರೂ ಉಳಿದಿದೆ. ಇದೆಲ್ಲ ಒಳ್ಳೆಯದಕ್ಕೇ ಆಗಿದೆ, ನಮ್ಮ ಕಾಲವೇ ಚಂದ ಎಂದು ಹೇಳುವ ಮುದುಕಿ ನಾನಲ್ಲ. ಆ ಒಂದು ಬೆಂಚಿನಿಂದಾಗಿ ಎಷ್ಟು ಕೇಸು ಕೆಟ್ಟವು ಎಂದು ನನಗೆ ಗೊತ್ತು. ಉಳಿದ ಒಂದು ಕೇಸೂ ನನಗೆ ಗೊತ್ತು.

ಹೋದ ತಿಂಗಳು ಮುಳಬಾಗಿಲಿಗೆ ಹೋದದ್ದು ಅಂಜಿನಮ್ಮನಿಗೆ ಕೊಟ್ಟ ಮಾತಿಗಾಗಿಯೇ. ರಿಟೈರ್ ಆದ ಮೇಲೆ ಮಂಡಿ ನೋವು, ಆಪರೇಷನ್ ಎಂದು ಎರಡು ವರ್ಷ ತಡವಾಗಿತ್ತು. ಬೈಕುಗಳ ನಡುವೆ ಬೆಂಚು ಹುಡುಕಿ, ಆ ಹುಡುಗಿಗೆ ಬುದ್ಧಿ ಹೇಳಿ, ಆವನಿ ಕಡೆಯ ಬಸ್ಸು ಹತ್ತಿದೆ. ಅಂಜಿನಮ್ಮನ ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕಿದ ಮೇಲೆ ಯೋಗಕ್ಷೇಮ ವಿಚಾರಿಸಲಿಲ್ಲ, ಸೀದಾ ಒಲೆಯ ಹತ್ತಿರ ಹೋದಳು. ಮುನಿವೆಂಕಟಪ್ಪ ತೀರಿಹೋದ ಸುದ್ದಿಯನ್ನು ಮುದ್ದೆ ತೊಳಸುತ್ತಲೇ ಹೇಳಿದಳು. ಬಂಡಿದಾರಿ ಈಗ ಡಾಂಬರು ರಸ್ತೆಯಾಗಿದೆಯಂತೆ, ಚಲಪತಿಯ ಮಕ್ಕಳೂ ಅದರಲ್ಲೇ ಓಡಾಡುತ್ತಾರಂತೆ.

ಇಬ್ಬರಿಗೂ ತಟ್ಟೆ ಹಾಕಿಕೊಂಡು ನನ್ನ ಎದುರಿಗೇ ಕೂತಳು. ಗೋಡೆಯ ಕಡೆ ತಿರುಗಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ. ಎಡಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿದವಳು ನಾನಿನ್ನೂ ಕೈ ಹಾಕದ್ದನ್ನು ಕಂಡು ನಿಂತಳು.

"ಈಗಾದ್ರೂ ತಿಂತೀರಾ ಲಾಯರಮ್ಮಾ, ಇಲ್ಲಾ ಇನ್ನೂ ಯಾವ್ದಾದ್ರೂ ಅಪೀಲು ಐತಾ?"

ನನ್ನ ಕಣ್ಣು ತುಂಬಿಕೊಂಡಿತ್ತು, ಅದಕ್ಕೇ ತಡವಾಗಿದ್ದು. ಇಷ್ಟು ವರ್ಷ ಊರೂರಿನ ಜನರಿಗೆ ತಿಂಡಿ ಯಾರು ಕೊಡಿಸಿದರು ಎಂದು ಕೇಳಿದವಳು ನಾನು. ಬಸ್‌ಸ್ಟ್ಯಾಂಡಿನಲ್ಲಿ ಖಾದರ್ ಸಾಬ್ ನಿಂತು ನನ್ನನ್ನೇ ಕೇಳಿದ್ದರೂ ಅವತ್ತು ನೆಲ ನೋಡದೆ ಉತ್ತರ ಹೇಳುತ್ತಿದ್ದೆ. ಅಂಜಿನಮ್ಮ ಹಾಕಿದಳು, ನಾನು ಎರಡು ಮುದ್ದೆ ಉಂಡೆ.